ಕೈ ಹಿಂದಕ್ಕ ತಗೊಂಡ ಬಾಯಾರು

ಹೋದ ತಿಂಗಳು ನಮ್ಮ ಬಾಯಾರ, ನಮ್ಮ ಕಡೆಯ ಮಾತಿನಲ್ಲಿ ಟೀಚರಮ್ಮನ, ಬೀಳ್ಕೊಡುಗೆ ಆಯಿತು. ಬೈಲಹೊಂಗಲದ ಒಂದು ಕಲ್ಯಾಣ ಮಂಟಪ, ಬಾಗಿಲಿಗೆ ತೋರಣ, ವೇದಿಕೆಯ ಮೇಲೆ ಶಾಲು ಹಾರಗಳ ರಾಶಿ. ಇಷ್ಟು ವರ್ಷ ಜೊತೆಗೆ ದುಡಿದವಳೆಂದು ನನ್ನನ್ನು ಮಾತಾಡಲು ಕರೆದರು. ಮೈಕ್ ಹಿಡಿದು "ನಮ್ಮ ಬಾಯಾರು" ಎಂದೆ, ಅಷ್ಟೇ. ನಗು ಉಕ್ಕಿ ಬಂತು. ತಡೆಯಲೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಮುಂದಿನ ಸಾಲಿನವರು ನಾನು ಅಳುತ್ತಿದ್ದೇನೆಂದು ತಿಳಿದು ತಾವೂ ಕಣ್ಣೊರೆಸಿಕೊಂಡರು, ಯಾರೋ ನೀರು ತಂದುಕೊಟ್ಟರು, ನಾನು ಒಂದು ಮಾತೂ ಆಡದೆ ಚಪ್ಪಾಳೆ ಗಿಟ್ಟಿಸಿಕೊಂಡು ಕೆಳಗಿಳಿದೆ. ಬಾಯಾರೊಬ್ಬರಿಗೆ ಮಾತ್ರ ಗೊತ್ತಾಗಿತ್ತು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕುಳಿತು, "ಹೂವಿನ ಕ್ಯಾಸೆಟ್ ನೆನಪಾತಿಲ್ಲ?" ಎಂದರು. ಹೌದು ಎನ್ನುವಷ್ಟರಲ್ಲಿ ಇಬ್ಬರಿಗೂ ಹೋಳಿಗೆ ನೆತ್ತಿಗೆ ಹತ್ತಿತು.

ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. "ನನ್ನ ಹೆಸರ ಹಾಕಿ ಏನರ ಬರದೀದಿ ಅಂದ್ರ ಮನಿಗೆ ಬಂದು ಬೈತೇನಿ ನೋಡು" ಎಂದು ಮೊದಲೇ ಹೇಳಿದ್ದಾರೆ. ಬೈಸಿಕೊಳ್ಳುವುದು ನನಗೇನೂ ಹೊಸದಲ್ಲ. ಆದರೆ ಅವರು ಬೈದು ಸುಮ್ಮನೆ ಹೋಗುವವರಲ್ಲ. ಚಹಾ ಕುಡಿದು, ಅಡುಗೆಮನೆಗೆ ನುಗ್ಗಿ, ನಾನು ರೊಟ್ಟಿ ಬಡಿಯುವುದನ್ನು ನೋಡಿ ಅದಕ್ಕೂ ಒಂದು ಸುಧಾರಣೆ ಹೇಳಿ ಹೋಗುವವರು. ಅದು ಬೇಡ.

ಕಡ್ಡಿಯಂಥ ಮೈ, ಕಂಚಿನ ದನಿ. ಅವರು ನಡೆದರೆ ಜೊತೆಗಿದ್ದವರು ಓಡಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರೆಂದರೆ ಕೆಲಸ ಶುರುವಾಯಿತೆಂದು ಅರ್ಥ, ನಾನು ಆ ಸೆರಗು ಬಿಚ್ಚಿದ್ದನ್ನು ನೋಡಿದ್ದು ಕಡಿಮೆ. ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳಿಗೆಂದು ಒಂದು ಸಂಸ್ಥೆ ತೊಂಬತ್ತರ ದಶಕದಲ್ಲಿ ನಮ್ಮ ಕಡೆ ನಾಲ್ಕು ಕೇಂದ್ರ ತೆರೆದಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಕೇಂದ್ರವೆಂದರೆ ಒಂದು ಬಾಡಿಗೆ ಮನೆ, ಒಂದು ಜಮಖಾನ, ಒಂದಿಷ್ಟು ಆಟಿಕೆ, ನಮ್ಮಂಥ ಇಬ್ಬರೋ ಮೂವರೋ. ನಾಲ್ಕಕ್ಕೂ ಬಾಯಾರೇ ಮೇಲ್ವಿಚಾರಕಿ, ನಮಗೆ ಕಲಿಸುವವರೂ ಅವರೇ. ವಾರವಿಡೀ ಕೆಂಪು ಬಸ್ಸಿನಲ್ಲಿ ಈ ನಾಲ್ಕು ಊರು ಸುತ್ತುತ್ತಿದ್ದರು. ಊರಿನವರ ಬಾಯಲ್ಲಿ ನಮ್ಮದು ಹುಚ್ಚರ ಸಾಲಿ. ಒಮ್ಮೆ ರಾಮದುರ್ಗದ ಬಸ್ ನಿಲ್ದಾಣದಲ್ಲಿ ಆಟೋದವನು "ಹುಚ್ಚರ ಸಾಲಿಗೆ ಹೋಗಬೇಕೇನ್ರಿ?" ಎಂದು ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಬಾಯಾರು ಆರಾಮಾಗಿ ಹತ್ತಿ ಕುಳಿತು, "ಹೌದಪಾ, ನಡಿ. ಅಲ್ಲಿ ಹುಚ್ಚಿ ನಾನೊಬ್ಬಾಕಿನ. ಹುಡುಗರೆಲ್ಲಾ ಶ್ಯಾಣ್ಯಾ ಅದಾವು" ಎಂದರು.

ನಾನು ಬಿ.ಎ. ಮುಗಿಸಿ, ಮದುವೆ ಗೊತ್ತಾಗುವವರೆಗೆ ಮನೆಯಲ್ಲಿ ಸುಮ್ಮನೆ ಕೂರಬಾರದೆಂದು ಬೈಲಹೊಂಗಲದ ಕೇಂದ್ರಕ್ಕೆ ಸೇರಿದವಳು. ಮದುವೆಯಾಯಿತು, ಮಕ್ಕಳಾದವು, ಕೆಲಸ ಬಿಡಲಿಲ್ಲ. ಆಗ ನಮಗೆ ತರಬೇತಿ ಎಂದರೆ ದೊಡ್ಡ ಊರಿನಿಂದ ಯಾರಾದರೂ ಬಂದು ಬೋರ್ಡಿನ ಮೇಲೆ ಬರೆದು ಹೋಗುವುದು. ಕೆಲಸವನ್ನು ಸಣ್ಣ ಸಣ್ಣ ಹಂತವಾಗಿ ಒಡೆಯಿರಿ, ಮಗುವಿಗೆ ಬೇಕಾದಷ್ಟೇ ನೆರವು ಕೊಡಿ ಎನ್ನುತ್ತಿದ್ದರು. ನಾವು ಅಂದವಾಗಿ ಬರೆದುಕೊಳ್ಳುತ್ತಿದ್ದೆವು. ಮರುದಿನ ಮಗುವೊಂದು ಬಂದು ಕೈ ಕಚ್ಚಿದರೆ ಬರೆದುಕೊಂಡದ್ದು ಯಾವುದೂ ನೆನಪಾಗುತ್ತಿರಲಿಲ್ಲ.

ಆಮೇಲೆ ಎಲ್ಲಿಂದಲೋ ಒಂದು ಇಂಗ್ಲಿಷ್ ವಿಡಿಯೋ ಕ್ಯಾಸೆಟ್ ಬಂತು, ಮಕ್ಕಳಿಗೆ ಊಟ ಕಲಿಸುವುದು ಹೇಗೆ ಎಂದು. ಅದರಲ್ಲಿ ಬೆಳ್ಳಗಿನ ಮಕ್ಕಳು ಟೇಬಲ್ಲಿಗೆ ಕುಳಿತು ಚಮಚದಿಂದ ತಿನ್ನುತ್ತಿದ್ದರು. ಸವದತ್ತಿ ಕೇಂದ್ರದ ಶಾಂತಾ ಬಹಳ ಶ್ರದ್ಧೆಯವಳು. ಕ್ಯಾಸೆಟ್ಟಿನಲ್ಲಿದ್ದಂತೆಯೇ ಆಗಬೇಕೆಂದು ಟೇಬಲ್ ಮಾಡಿಸಿದಳು, ಚಮಚ ತರಿಸಿದಳು. ನಾನೂ ಬಾಯಾರೂ ಅಲ್ಲಿಗೆ ಹೋದ ದಿನ ಒಬ್ಬ ಹುಡುಗ ಚಮಚದಿಂದ ಟೇಬಲ್ಲನ್ನು ಹಲಗೆಯಂತೆ ಬಾರಿಸುತ್ತಿದ್ದ, ಇನ್ನೊಬ್ಬಳು ಟೇಬಲ್ಲಿನ ಕೆಳಗೆ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಶಾಂತಾಳ ಕಣ್ಣಲ್ಲಿ ನೀರು. "ಎಲ್ಲಾ ಅದರಾಗಿದ್ದಂಗ ಮಾಡೇನ್ರಿ ಬಾಯಾರ" ಎಂದಳು. ಬಾಯಾರು ಗಹಗಹಿಸಿ ನಕ್ಕರು, ಆಮೇಲೆ ಅವಳ ಬೆನ್ನು ಸವರಿದರು. "ನೀ ಮಾಡಿದ್ದ ಬರೋಬ್ಬರಿ ಐತಿ ಬೇ. ಆ ಕ್ಯಾಸೆಟ್ ನಮ್ಮದಲ್ಲ, ಅಷ್ಟ. ನಮ್ಮ ಗಂಗಾಳ, ನಮ್ಮ ರೊಟ್ಟಿ, ನಮ್ಮ ಹುಡುಗರು. ನಮ್ಮ ಕ್ಯಾಸೆಟ್ ನಾವ ತಗಿಯೂಣು."

ತೆಗೆಯೋಣ ಎಂದವರು ತೆಗೆದೇಬಿಡುವವರು. ಅದೂ ಯಾರನ್ನು ಕಲಿಸುತ್ತ ತೆಗೆಯಬೇಕೆಂಬುದು ಅವರ ತಲೆಯಲ್ಲಿ ಆಗಲೇ ಇತ್ತು.

ನಮ್ಮ ಕೇಂದ್ರಕ್ಕೆ ಸಂಗೊಳ್ಳಿಯಿಂದ ಲೀಲಾ ಎಂಬ ಹುಡುಗಿ ಬರುತ್ತಿದ್ದಳು. ಬೆಳೆದ ಹುಡುಗಿ, ನಡೆಯುತ್ತಾಳೆ, ನಗುತ್ತಾಳೆ, ಮಾತಿಲ್ಲ, ತಾನಾಗಿ ಉಣ್ಣುವುದಿಲ್ಲ. ಹೆತ್ತವಳು ಇವಳು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು, ಅಪ್ಪ ಟ್ರ್ಯಾಕ್ಟರ್ ಹೊಡೆಯುವವನು. ಸಾಕಿದ್ದು ಅಪ್ಪನ ತಾಯಿ. ಆ ಆಯಿ ದಿನವೂ ಬಸ್ಸಿನಲ್ಲಿ ಮೊಮ್ಮಗಳನ್ನು ಕರೆತಂದು, ಅಂಗಳದ ಬೇವಿನ ಮರದ ಕೆಳಗೆ ಕುಳಿತಿದ್ದು, ಮಧ್ಯಾಹ್ನ ತುತ್ತು ಮಾಡಿ ಉಣಿಸಿ, ಸಂಜೆ ಕರೆದೊಯ್ಯುತ್ತಿದ್ದಳು. ಬೇರೆ ಯಾರ ಕೈಯಿಂದಲೂ ಲೀಲಾ ಒಂದಗುಳು ತಿನ್ನುತ್ತಿರಲಿಲ್ಲ. ಅಪ್ಪ ಉಣಿಸಿದರೂ ಬಾಯಿ ಬಿಗಿಯುತ್ತಿದ್ದಳು. ಹೀಗಿರುವಾಗ ಆಯಿಗೆ ಹೊಟ್ಟೆನೋವು ಶುರುವಾಯಿತು. ಬೆಳಗಾವಿಯ ದವಾಖಾನೆಯಲ್ಲಿ ನೋಡಿ, ಗರ್ಭಚೀಲದಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು, ಬಹಳ ತಡ ಮಾಡಬೇಡಿ ಎಂದರು. ಆಯಿ ಮಾತ್ರೆ ಚೀಟಿ ಮಡಚಿಕೊಂಡು ಮನೆಗೆ ಬಂದುಬಿಟ್ಟಳು.

"ಹಾಸಿಗಿ ಮ್ಯಾಲ ಅಷ್ಟು ದಿನ ಬಿದ್ರ ಇಕಿಗೆ ಯಾರ ಉಣಸ್ತಾರ್ರಿ ಬಾಯಾರ? ನಾ ಹೊಳ್ಳಿ ಬರೂದ್ರಾಗ ಕೂಸು ಒಣಗಿ ಹೋಗಿರತೈತಿ."

"ಇಕಿ ತಾನ ಉಂಡ್ರ ಹೋಗ್ತೀರೇನ್ ಆಯಿ?"

ಆಯಿ ನಕ್ಕಳು. "ಇಕಿ ತಾನ ಉಣ್ಣೂದು ಕಂಡ್ರ ಡಾಕ್ಟರು ಎಲ್ಲಿ ಕರೀತಾನೋ ಅಲ್ಲಿಗೆ ಹೋಗ್ತೇನಿ."

ಬಾಯಾರು ಆ ಕ್ಷಣವೇ ಸೆರಗು ಸಿಕ್ಕಿಸಿಕೊಂಡರು.

ನಮ್ಮೂರಿನಲ್ಲಿ ಕ್ಯಾಮೆರಾ ಇದ್ದದ್ದು ಬಸವರಾಜನ ಹತ್ತಿರ. ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಅವನದು. ದಪ್ಪ ಮೀಸೆ, ಅದಕ್ಕೆ ತಕ್ಕ ಗತ್ತು. ಹೆಗಲ ಮೇಲಿನ ಆ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಬರುತ್ತಾನೆಂದು ಬಾಯಾರು ಹೇಳಿದ್ದೇ ತಡ, ನಾನು ಬೀರುವಿನಿಂದ ನಿಶ್ಚಿತಾರ್ಥದ ರೇಷ್ಮೆ ಸೀರೆ ತೆಗೆದೆ. ಮಲ್ಲಿಗೆ ಮುಡಿದೆ, ಪೌಡರ್ ಬಳಿದುಕೊಂಡೆ, ತಂಗಿಯ ಸರ ಇಸಿದುಕೊಂಡೆ. ಲೀಲಾ ಬಾಗಿಲಲ್ಲಿ ನನ್ನನ್ನು ನೋಡಿ ಗಕ್ಕನೆ ನಿಂತಳು. ಯಾರೋ ಹೊಸಬಳು ಎಂದುಕೊಂಡಿರಬೇಕು. ಕಿರುಚಿಕೊಂಡು ಓಡಿ ಆಯಿಯ ಹಿಂದೆ ಅವಿತಳು, ಸಂಜೆಯವರೆಗೆ ಹತ್ತಿರ ಬರಲಿಲ್ಲ. ನನಗೆ ಅಳುವೇ ಬಂತು. ಬಾಯಾರು ನನ್ನ ಗಲ್ಲ ಹಿಡಿದು, "ಚೆಂದ ಕಾಣಾಕತ್ತೀದಿ, ಖರೆ ಹೇಳ್ತೇನಿ. ಆದ್ರ ನಾಳಿ ನಿನ್ನ ದಿನದ ಸೀರಿ ಉಟ್ಟ ಬಾರವ್ವಾ" ಎಂದರು. ಆಮೇಲೆ ತಿಳಿಯಿತು, ಉಳಿದ ಮೂರೂ ಕೇಂದ್ರಗಳಲ್ಲಿ ನನ್ನ ಗೆಳತಿಯರು ಕ್ಯಾಮೆರಾ ಬರುವ ದಿನಕ್ಕೆಂದು ರೇಷ್ಮೆ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದರು.

ಮರುದಿನ ಚಿತ್ರೀಕರಣವಾಯಿತು. ಲೀಲಾಳನ್ನು ಕೂರಿಸಿ, ಗಂಗಾಳದಲ್ಲಿ ರೊಟ್ಟಿ ಮುರಿದು ಬೇಳೆ ಸಾರಿನಲ್ಲಿ ನೆನೆಸಿ, ತುತ್ತು ಹಿಡಿಯುವುದನ್ನು ನಾನು ತೋರಿಸಿದೆ. ವಾರ ಬಿಟ್ಟು ಬಸವರಾಜ ಕ್ಯಾಸೆಟ್ ತಂದ. ನಾವೆಲ್ಲ ಟಿ.ವಿ. ಮುಂದೆ ಉಸಿರು ಬಿಗಿ ಹಿಡಿದು ಕುಳಿತೆವು. ಶಹನಾಯಿ ಶುರುವಾಯಿತು. ತೆರೆಯ ನಡುವೆ ಒಂದು ಕೆಂಪು ಹೃದಯ ಅರಳಿ, ಅದರೊಳಗೆ ನಾನೂ ಲೀಲಾಳೂ ಕಾಣಿಸಿಕೊಂಡೆವು. ನಾನು ತುತ್ತು ಎತ್ತಿದಾಗಲೆಲ್ಲ ಮೇಲಿನಿಂದ ಗುಲಾಬಿ ಹೂ ಸುರಿದವು. ಲೀಲಾ ಮೂಗು ಒರೆಸಿಕೊಂಡಾಗಲೂ ಸುರಿದವು. ಬಾಯಾರು ಹೊಟ್ಟೆ ಹಿಡಿದುಕೊಂಡು ಜಮಖಾನದ ಮೇಲೆ ಉರುಳಿದರು. ಬಸವರಾಜನ ಮುಖ ಬಾಡಿತು.

"ಹೂವ ಇಲ್ಲದ ಕ್ಯಾಸೆಟ್ ಕೊಟ್ರ ನನ್ನ ಸ್ಟುಡಿಯೋದ ಹೆಸರ ಕೆಡತೈತ್ರಿ ಬಾಯಾರ."

"ಹೂವ ಚೊಲೋ ಅದಾವು ತಮ್ಮಾ. ಆದ್ರ ಅವು ಬಿದ್ರ ಕೈ ಕಾಣಂಗಿಲ್ಲಪಾ. ನನಗ ಕೈ ಬೇಕು. ಮಕ ಸುದ್ದಾ ಬ್ಯಾಡ. ಬೆರಳು ಹೆಂಗ ಮಡಚತಾವು, ಅದನ್ನ ಹಿಡಿ."

ಬಸವರಾಜ ಮುನಿಸಿಕೊಂಡು ಹೋದ. ಆದರೆ ಮುಂದಿನ ಸಲ ಬಂದವನು ನೆಲದ ಮೇಲೆ ಅಂಗಾತ ಮಲಗಿ ಲೀಲಾಳ ಬೆರಳನ್ನು ಹಿಡಿದ. ಮದುವೆ ಮನೆಯಲ್ಲಿ ಬೀಗರ ಮುಖ ತೆಗೆದು ತೆಗೆದು ಸಾಕಾಗಿದ್ದ ಮನುಷ್ಯ, ಬೆರಳಿನ ರುಚಿ ಹತ್ತಿತು.

ಟಿ.ವಿ., ವಿ.ಸಿ.ಆರ್. ಮೊದಮೊದಲು ಇದ್ದದ್ದು ನಮ್ಮ ಕೇಂದ್ರದಲ್ಲಿ ಮಾತ್ರ. ಬಾಯಾರು ಟಿ.ವಿ.ಯನ್ನು ಎರಡು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಹೇರಿಕೊಂಡು ಊರೂರಿಗೆ ಒಯ್ಯುತ್ತಿದ್ದರು. ಒಮ್ಮೆ ಕಂಡಕ್ಟರ್ ಲಗೇಜು ಎಂದು ತಕರಾರು ತೆಗೆದ. "ಲಗೇಜ ಅಲ್ಲಪಾ, ಇದು ನಮ್ಮ ಮಾಸ್ತರ. ರಾಮದುರ್ಗಕ್ಕ ಪಾಠ ಹೇಳಾಕ ಹೊಂಟಾರ" ಎಂದು ಕೌದಿ ಸರಿಸಿ ಟಿ.ವಿ.ಯ ಮುಖ ತೋರಿಸಿದರು. ಬಸ್ಸಿಗೆ ಬಸ್ಸೇ ನಕ್ಕಿತು, ಕಂಡಕ್ಟರನೇ ಎದ್ದು ಮಾಸ್ತರರಿಗೆ ಸೀಟು ಕೊಟ್ಟ. ರಾಮದುರ್ಗದಲ್ಲಿ ನಮ್ಮನ್ನು ಕಂಡು ಓಣಿಯವರು ಸಿನಿಮಾ ತೋರಿಸುತ್ತಾರೆಂದು ಗುಂಪುಗೂಡಿದರು. ಹುಡುಗರು ಕಿಟಕಿಗೆ ಜೋತುಬಿದ್ದರು. ನಾನು ಬಾಗಿಲು ಹಾಕಲು ಎದ್ದರೆ ಬಾಯಾರು, "ಬರಲಿ ಬಿಡು. ಹುಚ್ಚರ ಸಾಲಿ ಅಂತಾರಲ್ಲ, ಒಳಗ ಏನ್ ನಡೀತೈತಿ ನೋಡಲಿ" ಎಂದು ಎಲ್ಲರನ್ನೂ ಒಳಗೆ ಕೂರಿಸಿದರು. ಗುಂಡಿ ಹಾಕಿಕೊಳ್ಳಲು ಕಲಿಯುವ ಒಂದು ಮಗುವಿನ ಕ್ಯಾಸೆಟ್ ಅದು. ಗುಂಡಿ ತೂತಿನೊಳಗೆ ಹೋಗುತ್ತದೆ, ಜಾರುತ್ತದೆ, ಮತ್ತೆ ಹೋಗುತ್ತದೆ. ಕೊನೆಗೂ ಅದು ಆಚೆ ಬಂದಾಗ ಆ ಓಣಿಯ ಜನ ಶಿಳ್ಳೆ ಹೊಡೆದರು.

ಆದರೆ ಲೀಲಾ ಮಾತ್ರ ಉಣ್ಣಲಿಲ್ಲ. ತಿಂಗಳುಗಳು ಕಳೆದವು. ಆಯಿ ಸೊರಗುತ್ತಿದ್ದಳು, ಮರದ ಕೆಳಗೆ ಕೂರುವ ಬದಲು ಮಲಗುತ್ತಿದ್ದಳು. ಬಾಯಾರು ನನ್ನನ್ನು ಸರಿಸಿ, "ನಾನ ಕುಂದ್ರತೇನಿ. ಸರಿಯಾಗಿ ಕಲಿಸೂದು ಹೆಂಗ ಅನ್ನೂದನ್ನ ನಾಕೂ ಕಡೆಯವರಿಗೆ ತೋರಿಸೂಣು" ಎಂದು ತಾವೇ ಕ್ಯಾಮೆರಾದ ಎದುರು ಕುಳಿತರು. ಆ ಕ್ಯಾಸೆಟ್ಟನ್ನು ತಿಂಗಳ ಸಭೆಗೆ ಒಯ್ದೆವು. ನಾಲ್ಕೂ ಕೇಂದ್ರದವರು ಸೇರುವ ಆ ಸಭೆ ಆ ಸಲ ಕಿತ್ತೂರಿನಲ್ಲಿತ್ತು. ಕರೆಂಟ್ ಊಟದ ಹೊತ್ತಿಗೆ ಬರುತ್ತದೆಂದು ಊಟ ಮುಂದಕ್ಕೆ ಹಾಕಿ ಕಾದೆವು. ದೀಪ ಹತ್ತಿದ್ದೇ ತಡ, ಬಾಯಾರು ರಿಮೋಟ್ ಹಿಡಿದು ಟಿ.ವಿ. ಪಕ್ಕ ನಿಂತರು.

"ನೋಡ್ರಿ, ಮೊದಲ ಹೆಸರ ಹಿಡದ ಕರೀಬೇಕು. ಕರದೆ. ಈಗ ತುತ್ತು ತೋರಿಸಬೇಕು. ತೋರಿಸಿದೆ. ಈಗ ಕಾಯಬೇಕು..."

ಮಾತು ಅಲ್ಲಿಗೇ ನಿಂತಿತು. ತೆರೆಯ ಮೇಲಿನ ಬಾಯಾರು ಕಾಯಲಿಲ್ಲ. ಲೀಲಾಳ ಕೈಯನ್ನು ಹಿಡಿದು ಬಾಯಿಗೆ ಒಯ್ದರು. ನಮ್ಮ ಬಾಯಾರು ಕ್ಯಾಸೆಟ್ ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಚಿತ್ರವನ್ನು ನಿಲ್ಲಿಸಿ ಗಾಜಿಗೆ ಬೆರಳು ಹಚ್ಚಿದರು.

"ಇಲ್ಲಿ ನೋಡ್ರಿ, ಇಕಿ ಹೆಬ್ಬೆಟ್ಟು. ರೊಟ್ಟಿ ಕಡೆ ಹೊಂಟೈತಿ. ಕಾಣ್ತೈತಿಲ್ಲ? ಈಗ ಯಾರ ಕೈ ಬಂತು? ನನ್ನ ಕೈ. ಹುಡುಗಿ ತಾನ ಎತ್ತಾಕ ಹೊಂಟಿದ್ಲು, ನಾ ಅಡ್ಡ ಬಂದೆ."

ಶಾಂತಾ ಮೆಲ್ಲಗೆ, "ಹಂಗಲ್ರಿ ಬಾಯಾರ, ನೀವು ಸಹಾಯ ಮಾಡಾಕ ಹೋಗೀರಿ" ಎಂದಳು.

"ಸಹಾಯ ಅಲ್ಲ ಬೇ. ನನಗ ತಡಕೊಳ್ಳಾಕ ಆಗಿಲ್ಲ. ತುತ್ತು ಬಿದ್ದೀತಂತ ಜೀವ ಹೋಗ್ತೈತಿ ನನಗ. ಬಿದ್ರ ಬೀಳವಲ್ದ್ಯಾಕ? ಆಯಿ ಕೈ ಬರತೈತಿ, ನಿಮ್ಮ ಕೈ ಬರತೈತಿ, ನನ್ನ ಕೈ ಬರತೈತಿ. ಕೈ ಬರೂತನಾ ಕುಂತಿದ್ರಾತು ಅಂತ ಇಕಿ ಕಲತಾಳ. ನಾವ ಕಲಿಸೇವಿ."

ಈಗ ಬೇಜಾರು ಮಾಡಿಕೊಂಡು ಕೂರುತ್ತಾರೆ ಎಂದುಕೊಂಡೆವು. ಎಲ್ಲಿಯ ಬೇಜಾರು. ಚಪ್ಪಾಳೆ ತಟ್ಟಿ, "ಸಿಕ್ತು ನೋಡ್ರಿ, ಸಿಕ್ತು" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಇಷ್ಟು ವರ್ಷ ಇನ್ನೊಬ್ಬರಿಗೆ ಕಲಿಸಿದ ಮನುಷ್ಯ, ತನ್ನ ತಪ್ಪು ಎಲ್ಲರೆದುರು ಟಿ.ವಿ.ಯಲ್ಲಿ ಸಿಕ್ಕಿತೆಂದು ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಟಿ.ವಿ. ಜೋಡಿಸಲು ಬಂದಿದ್ದ ಬಸವರಾಜ ಮೂಲೆಯಿಂದ, "ಆ ಭಾಗ ಕತ್ತರಿಸಿ ಬಿಡ್ಲೇನ್ರಿ?" ಎಂದು ಕೇಳಿದ. ಬಾಯಾರು ಗದರಿದರು. "ಅದನ್ನ ಕತ್ತರಿಸಿದ್ರ ಉಳಿಯೂದೇನು? ಅದನ್ನ ಎಲ್ಲಾ ಕೇಂದ್ರಕ್ಕ ಕಾಪಿ ಮಾಡಿ ಕಳಸು."

ಆ ಕ್ಯಾಸೆಟ್ಟಿಗೆ ನಾವು ಇಟ್ಟ ಹೆಸರು ಬಾಯಾರ ಕೈ. ಅದುವರೆಗೆ ಕ್ಯಾಮೆರಾ ಕಂಡರೆ ಬೆವರುತ್ತಿದ್ದ ನಾವು ಅಂದಿನಿಂದ ನನ್ನದು ತೆಗೆ, ನನ್ನದು ತೆಗೆ ಎಂದು ಬಸವರಾಜನಿಗೆ ದುಂಬಾಲು ಬಿದ್ದೆವು. ದೊಡ್ಡವರದ್ದೇ ತಪ್ಪು ತೆರೆಯ ಮೇಲೆ ಓಡಾಡುತ್ತಿರುವಾಗ ನಮ್ಮದಕ್ಕೆ ಯಾರ ಹೆದರಿಕೆ? ಶಾಂತಾ ಒಂದೇ ಕ್ಯಾಸೆಟ್ಟಿನಲ್ಲಿ ತನ್ನ ತಪ್ಪುಗಳನ್ನು ರಾಶಿ ಹಾಕಿ ಹೆಮ್ಮೆಯಿಂದ ತೋರಿಸಿದಳು. "ಕೈ ಹಿಂದಕ್ಕ" ಎಂಬುದು ನಮ್ಮೆಲ್ಲರ ಮಂತ್ರವಾಯಿತು. ಮನೆಯಲ್ಲಿ ನನ್ನ ಮಗಳು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುವಾಗ ನಾನು ಕೈ ಹಿಂದೆ ಕಟ್ಟಿ ನಿಂತರೆ, ನನ್ನ ಗಂಡ "ಪೊಲೀಸ್ ಕೆಲಸಕ್ಕ ಯಾವಾಗ ಸೇರಿದಿ?" ಎಂದು ಕೇಳುತ್ತಿದ್ದರು.

ಲೀಲಾಳ ಪಾಠ ಹೊಸದಾಗಿ ಶುರುವಾಯಿತು, ಈ ಸಲ ಕೊನೆಯಿಂದ. ಲೀಲಾಳ ಬೆರಳಿಗೆ ತುತ್ತು ಕೊಟ್ಟು, ಮಣಿಕಟ್ಟು ಹಿಡಿದು ತುಟಿಯವರೆಗೆ ಒಯ್ದು ಬಿಟ್ಟುಬಿಡುವುದು. ಮುಂದಿನ ಚೂರು ದಾರಿ ಅವಳದು. ಅಷ್ಟು ಬಂದ ಮೇಲೆ ಗಲ್ಲದ ಹತ್ತಿರ ಬಿಡುವುದು, ಆಮೇಲೆ ಎದೆಯ ಹತ್ತಿರ. ಆಯಿಯನ್ನು ಊಟದ ಹೊತ್ತಿನಲ್ಲಿ ಅಂಗಳದಿಂದಾಚೆ ಕಳಿಸಬೇಕಾಯಿತು, ಅವಳ ಕೆಮ್ಮು ಕೇಳಿದರೂ ಲೀಲಾ ಬಾಯಿ ತೆರೆದು ಕಾಯುತ್ತಿದ್ದಳು. ಆಯಿ ಬೀದಿಯ ಕಟ್ಟೆಯ ಮೇಲೆ ಕುಳಿತು ಚಡಪಡಿಸುತ್ತಿದ್ದಳು. ಅಷ್ಟರಲ್ಲಿ ಉಳಿದ ಕೇಂದ್ರಗಳಿಗೂ ಟಿ.ವಿ. ಬಂದಿತ್ತು, ಬಸವರಾಜ ತೆಗೆದ ಕ್ಯಾಸೆಟ್ಟನ್ನು ನಾವು ಕಂಡಕ್ಟರುಗಳ ಕೈಯಲ್ಲಿ ಸವದತ್ತಿಗೂ ರಾಮದುರ್ಗಕ್ಕೂ ಕಳಿಸುತ್ತಿದ್ದೆವು. ನಮ್ಮ ಕಡೆ ಬುತ್ತಿ, ಬೀಜ, ಔಷಧ ಎಲ್ಲವೂ ಕಂಡಕ್ಟರ್ ಕೈಯಲ್ಲೇ ಹೋಗುವುದು, ಕ್ಯಾಸೆಟ್ಟಿಗೇನು ತೊಂದರೆ.

ತೊಂದರೆ ಬಂದದ್ದು ಬಸವರಾಜನಿಂದ. ಮದುವೆಯ ಸುಗ್ಗಿಯಲ್ಲಿ ಅವಸರ ಮಾಡಿ ಚೀಟಿ ಅದಲು ಬದಲು ಅಂಟಿಸಿದ. ಸವದತ್ತಿಯಲ್ಲಿ ಶಾಂತಾ ಮತ್ತವಳ ಜೊತೆಯವರು ಟಿ.ವಿ. ಹಾಕಿದರೆ ಯಾರದೋ ಮದುವೆ, ವಧೂವರರಿಗೆ ಅಕ್ಕಿಕಾಳು. ಇದರಲ್ಲಿ ಕಲಿಯುವುದೇನಿದೆ ಎಂದು ಹುಡುಕುತ್ತ ಅವರು ಪೂರ್ತಿ ನೋಡಿದರಂತೆ. ಅತ್ತ ಮುನವಳ್ಳಿಯ ಮದುವೆಮನೆಯಲ್ಲಿ ಮಗಳ ಮದುವೆ ನೋಡಲು ಬಂಧು ಬಳಗವೆಲ್ಲ ಕೂಡಿ ಕುಳಿತಿದ್ದರೆ, ತೆರೆಯ ಮೇಲೆ ಲೀಲಾಳೂ ಗಂಗಾಳವೂ. ಬಸವರಾಜ ನಡುಗುತ್ತ ಕ್ಯಾಸೆಟ್ ಬದಲಿಸಲು ಹೋದ. ಬೈಯುತ್ತಾರೆಂದು ನಾನೂ ಬಾಯಾರೂ ಜೊತೆಗೆ ಹೋಗಿದ್ದೆವು. ಮದುಮಗಳ ಅಜ್ಜಿ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿದಳು.

"ಮದವಿ ಮುಂದ ನೋಡಿದ್ರಾತು. ಆ ಹುಡುಗಿ ಉಂಡ್ಲೇನ್ರಿ?"

"ಇನ್ನೂ ಇಲ್ರಿ."

"ಎದಿತನಾ ಕೈ ತಂದ ಬಿಟ್ಟಿದ್ರಲ್ರಿ. ಅಲ್ಲೇ ಕ್ಯಾಸೆಟ್ ಮುಗದ ಹೋತು. ಮನ್ಯಾಗ ಎಲ್ಲಾರೂ ಅದ ಮಾತಾಡಾಕತ್ತಾರ."

ಬಾಯಾರ ಮುಖ ನೋಡಬೇಕಿತ್ತು ಆಗ. ಬರುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿ ಹೇಳಿ ನಕ್ಕರು. "ನೋಡಿದೇನು, ನಮ್ಮ ಲೀಲಾಗ ಮುನವಳ್ಯಾಗ ಬೀಗರು ಆದ್ರು."

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಆಯಿ ಬರಲಿಲ್ಲ, ಲೀಲಾಳ ಅಪ್ಪ ಅವಳನ್ನು ಕರೆತಂದ. ಆಯಿಗೆ ವಿಪರೀತ ರಕ್ತ ಹೋಗಿ ಬೆಳಗಾವಿಯ ದವಾಖಾನೆಗೆ ಸೇರಿಸಿದ್ದ. ರಕ್ತ ಏರಿಸಿ ಆಪರೇಷನ್‌ಗೆ ಸಿದ್ಧ ಮಾಡಿದರೆ ಆಯಿ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲವಂತೆ. ಮನೆಗೆ ಬಿಡಿ ಎಂದು ಹಟ ಹಿಡಿದಿದ್ದಾಳೆ. "ಹೇಳಿ ಹೇಳಿ ಸಾಕಾತ್ರಿ ಬಾಯಾರ. ಇಕಿ ನಿನ್ನೆಯಿಂದ ಏನೂ ತಿಂದಿಲ್ಲ. ಅಕಿ ಅಲ್ಲಿ ಬದುಕಂಗಿಲ್ಲ, ಇಕಿ ಇಲ್ಲಿ" ಎಂದು ಆ ದೊಡ್ಡ ಆಳು ಅಂಗಳದಲ್ಲಿ ನಿಂತು ಅತ್ತುಬಿಟ್ಟ. ಬಾಯಾರು ಅವನನ್ನು ದವಾಖಾನೆಗೆ ವಾಪಸು ಕಳಿಸಿದರು. ಹೇಗಾದರೂ ಮಾಡಿ ಆಯಿಯನ್ನು ಸಂಜೆಯವರೆಗೆ ಹಿಡಿದಿಡು, ಆಮೇಲೆ ನಾನು ಬರುತ್ತೇನೆ ಎಂದರು. ಸಂಜೆಗೆ ಏನು ಮಾಡುತ್ತಾರೆ ಎಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಬಸವರಾಜನನ್ನು ಕರೆಸಿದರು. ಅವನು ಆಗಷ್ಟೇ ಅಂಗೈಯಲ್ಲಿ ಹಿಡಿಯುವಂಥ ಹೊಸ ಕ್ಯಾಮೆರಾ ಕೊಂಡಿದ್ದ, ಪಕ್ಕಕ್ಕೆ ಕಿಟಕಿಯಂತೆ ತೆರೆಯುವ ಪುಟ್ಟ ತೆರೆ ಅದಕ್ಕೆ. ಮಧ್ಯಾಹ್ನ ಲೀಲಾಳ ಮುಂದೆ ಗಂಗಾಳ ಇಟ್ಟೆವು. ಬಾಯಾರು ಅವಳ ಪಕ್ಕ ಕುಳಿತು ಕೈ ಹಿಂದೆ ಕಟ್ಟಿದರು, ನಾನೂ ಕಟ್ಟಿದೆ. ಲೀಲಾ ಬಾಗಿಲ ಕಡೆ ನೋಡಿದಳು. ಬಾಯಿ ತೆರೆದು ಕಾದಳು. ಯಾವ ಕೈಯೂ ಬರಲಿಲ್ಲ. ಎಷ್ಟು ಹೊತ್ತಾಯಿತೋ, ಬಾಯಾರ ಹಣೆಯಿಂದ ಬೆವರು ಇಳಿಯುತ್ತಿತ್ತು. ಲೀಲಾ ಗಂಗಾಳಕ್ಕೆ ಬೆರಳು ಹಾಕಿದಳು. ಎತ್ತಿದಳು. ತುತ್ತು ಲಂಗದ ಮೇಲೆ ಬಿತ್ತು. ಮುಂದಕ್ಕೆ ಬಾಗಿದ ನನ್ನನ್ನು ಬಾಯಾರು ಮಣಿಕಟ್ಟು ಹಿಡಿದು ನಿಲ್ಲಿಸಿದರು, ಹಿಡಿದ ಬಿರುಸಿಗೆ ನನ್ನ ಬಳೆಗಳು ಚೂರಾದವು. ಲೀಲಾ ನಮ್ಮಿಬ್ಬರ ಮುಖ ನೋಡಿದಳು, ಮತ್ತೆ ಬೆರಳು ಹಾಕಿದಳು. ಈ ಸಲ ತುತ್ತು ಎದೆ ದಾಟಿತು, ಗಲ್ಲ ದಾಟಿತು, ಬಾಯಿಗೆ ಹೋಯಿತು. ಅಗಿದಳು. ಮತ್ತೊಂದು ಎತ್ತಿಕೊಂಡಳು.

ಕೂಗಿದರೆ ಹುಡುಗಿ ಬೆದರಿ ನಿಲ್ಲಿಸುತ್ತಾಳೆಂದು ನಾವು ಮೂವರೂ ಬಾಯಿ ಬಿಗಿಹಿಡಿದು ಕುಳಿತೆವು. ಅಷ್ಟು ದೊಡ್ಡ ಸಂತೋಷವನ್ನು ಸದ್ದಿಲ್ಲದೆ ತಡೆದುಕೊಳ್ಳುವುದು ಎಂಥ ಕಷ್ಟ ಎಂದು ನನಗೆ ಅಂದೇ ಗೊತ್ತಾದದ್ದು. ಗಂಗಾಳ ಖಾಲಿಯಾದ ಮೇಲೆ ಬಾಯಾರು ಅಂಗಳಕ್ಕೆ ಹೋಗಿ, ಬೇವಿನ ಮರವನ್ನು ತಬ್ಬಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಒಂದು ಕೇಕೆ ಹಾಕಿದರು. ಎದುರು ಮನೆಯವರು ಹೊರಗೆ ಬಂದು ನೋಡಿದರು.

ಲೀಲಾಳನ್ನು ಜೊತೆಯವಳ ಹತ್ತಿರ ಬಿಟ್ಟು, ಬೆಳಗಾವಿ ಬಸ್ಸಿಗೆ ಓಡಿದೆವು. ಬಸವರಾಜನಿಗೆ ಸಂಜೆ ಒಂದು ಅರಿಶಿಣದ ಕಾರ್ಯಕ್ರಮವಿತ್ತು. "ಕ್ಯಾಮೆರಾ ಅಷ್ಟ ಕೊಡಪಾ, ನೀ ಬರೂದ ಬ್ಯಾಡ" ಎಂದರು ಬಾಯಾರು. ಅವನು ಕ್ಯಾಮೆರಾವನ್ನು ಎದೆಗವಚಿಕೊಂಡು, "ಕ್ಯಾಮೆರಾ ಕೊಡಂಗಿಲ್ರಿ. ನಾನೂ ಬರತೇನಿ. ಅರಿಶಿಣ ಇವತ್ತ ಹಚ್ಚದಿದ್ರ ನಾಳಿ ಹಚ್ಚತಾರ" ಎಂದು ನಮಗಿಂತ ಮುಂಚೆ ಬಸ್ ಹತ್ತಿದ.

ದವಾಖಾನೆಯ ವಾರ್ಡಿನಲ್ಲಿ ಆಯಿ ಮಂಚದ ಅಂಚಿಗೆ ಕುಳಿತಿದ್ದಳು. ಕಾಲಿಗೆ ಚಪ್ಪಲಿ, ತೊಡೆಯ ಮೇಲೆ ಗಂಟು. ಮಗ ಬಾಗಿಲಿಗೆ ಅಡ್ಡ ನಿಂತಿದ್ದ. ನಮ್ಮನ್ನು ಕಂಡದ್ದೇ ಆಯಿ ಎದ್ದಳು.

"ಬಾಯಾರ, ಕೂಸು ಎಲ್ಲೈತಿ?"

"ಕುಂದ್ರಿ ಆಯಿ. ಕೂಸನ್ನ ತಂದೇನಿ."

ಬಸವರಾಜ ಪುಟ್ಟ ತೆರೆ ತೆರೆದು ಆಯಿಯ ಕಣ್ಣಿನ ಹತ್ತಿರ ಹಿಡಿದ. ಆಯಿ ಕಣ್ಣು ಕಿರಿದು ಮಾಡಿ ಬಗ್ಗಿದಳು. ಒಳಗೆ ಬೆರಳಷ್ಟು ಎತ್ತರದ ಲೀಲಾ, ಮುಂದೆ ಗಂಗಾಳ. ಮೊದಲ ತುತ್ತು ಬಿದ್ದಾಗ ಆಯಿಯ ಕೈ ತಾನಾಗಿ ಮುಂದೆ ಬಂದು ಕ್ಯಾಮೆರಾಕ್ಕೆ ತಾಗಿತು. ಬಾಯಾರು ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಂದು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಎರಡನೆಯ ತುತ್ತು ಮೇಲೇರಿತು. ಕೂಸಿಗೆ ಉಣಿಸುವವರ ಬಾಯಿ ತೆರೆಯುವಂತೆ ಆಯಿಯ ಬಾಯಿ ತೆರೆಯಿತು, ಬಾಯಾರದ್ದೂ ತೆರೆಯಿತು. ತುತ್ತು ಒಳಗೆ ಹೋಯಿತು. ಎರಡೂ ಬಾಯಿ ಒಟ್ಟಿಗೆ ಮುಚ್ಚಿದವು.

ಗಂಗಾಳ ಖಾಲಿಯಾಗುವವರೆಗೆ ಆಯಿ ನೋಡಿದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ. ಆಮೇಲೆ ಚಪ್ಪಲಿಯನ್ನು ಒಂದೊಂದಾಗಿ ಕಳಚಿ ಮಂಚದ ಕೆಳಗೆ ಜೋಡಿಸಿದಳು, ಗಂಟನ್ನು ಮಗನ ಕೈಗೆ ಕೊಟ್ಟಳು, ಕಾಲು ಮೇಲೆತ್ತಿ ದಿಂಬಿಗೆ ತಲೆ ಇಟ್ಟಳು.

"ಡಾಕ್ಟರಿಗೆ ಹೇಳ್ರಿ ಬಾಯಾರ" ಎಂದಳು. "ನನಗ ಈಗ ಪುರಸೊತ್ತು ಐತಿ."

ನಮ್ಮ ಬಾಯಾರು ಸೆರಗಿನ ಎಚ್ಚರವಿಲ್ಲದೆ ವಾರ್ಡಿನಿಂದ ಹೊರಬಿದ್ದು ಡಾಕ್ಟರನ್ನು ಹುಡುಕಿಕೊಂಡು ಓಡಿದರು. "ಓಡಬ್ಯಾಡ್ರಿ, ಇದು ದವಾಖಾನಿ" ಎಂದು ಕೂಗುತ್ತ ನರ್ಸ್ ಬೆನ್ನು ಹತ್ತಿದಳು. ಬಾಯಾರು ನಿಲ್ಲಲಿಲ್ಲ.